ತೊಚಿಯ ಕಹಿ

ಕುರೊದಾನಿ
ಮಾರ್ಚ್ ೩, ೨೦೧೯

ತೊಯೊ,

ಕಾಗದ ಬರೆಯುವಾಗ ಮೊದಲು ಋತುವಿನ ಮಾತು ಬರೆಯಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಹೋದ ನಾಲ್ಕು ವರ್ಷದಲ್ಲಿ ತಲೆಯಲ್ಲಿ ಉಳಿದದ್ದು ಅದೊಂದೇ. ಹಿಮ ಇನ್ನೂ ಕಿಟಕಿಯ ಮಟ್ಟಕ್ಕಿದೆ. ಆಯಿತು, ಋತು ಮುಗಿಯಿತು.

ನಾನು ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದನ್ನು ಹಿದೆಕಿ ನಿನ್ನ ಮಗಳಿಗೆ ಫೋನ್ ಮಾಡಿ ಹೇಳಿದನಂತೆ. ನನ್ನ ಮಗನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಪೇಟೆಯ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಕೊಳವೆಯೊಳಗೆ ತಳ್ಳಿ ನೋಡಿದರು. "ಅಜ್ಜಿ, ತಲೆಯೊಳಗೆ ಏನೂ ಇಲ್ಲ" ಎಂದ ಡಾಕ್ಟರ್. "ಅದು ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು" ಎಂದೆ. ನಾಲ್ಕು ದಿನಕ್ಕೆ ಮನೆಗೆ ಬಂದೆ. ಈಗ ಎಲ್ಲ ಮೊದಲಿನ ಹಾಗೇ ಇದೆ.

ಹಿಮ ಕರಗಿದ ಮೇಲೆ ಪ್ರವಾಸಿಗರು ಬರಲು ಶುರು. ಪೇಟೆಯ ಪ್ರವಾಸದ ಆಫೀಸಿನಿಂದ ಆ ಅಸಾಕುರಾ ಎಂಬ ಹುಡುಗ ಈ ವರ್ಷವೂ ಕರೆತರುತ್ತಾನಂತೆ. ಹುಡುಗ ಎಂದರೆ ನಲವತ್ತು ವರ್ಷ, ಆದರೆ ಅವನಿಗೆ ಗೆಣಸಿನ ಬಳ್ಳಿಗೂ ಬಟಾಣಿ ಬಳ್ಳಿಗೂ ವ್ಯತ್ಯಾಸ ತಿಳಿಯದು. ಹೋದ ವರ್ಷ ಹಾಲೆಂಡಿನಿಂದ ಬಂದ ಉದ್ದ ಮನುಷ್ಯ ನಮ್ಮ ಬಾಗಿಲ ತೊಲೆಗೆ ದಿನಕ್ಕೆ ಆರು ಸಲ ತಲೆ ಚಚ್ಚಿಕೊಂಡು, ಪ್ರತಿ ಸಲವೂ ತೊಲೆಗೆ ಕ್ಷಮೆ ಕೇಳುತ್ತಿದ್ದ. ನನ್ನ ಜೊತೆ ಮೂಲಂಗಿ ಕಿತ್ತು, ಕಾಡಿನ ಕಹಿ ತೊಚಿ ಕಾಯಿ ಸುಲಿದು, ಅಕ್ಕಿಗೆ ಸೇರಿಸಿ ಮೋಚಿ ಉಂಡೆ ಕುಟ್ಟಿ, ತಿಂದು, ಹೋಗುವಾಗ ಅತ್ತ. ಯಾಕೆ ಅತ್ತ ಎಂದು ಅಸಾಕುರಾನನ್ನು ಕೇಳಿದೆ. "ಸಂತೋಷಕ್ಕೆ ಅಜ್ಜಿ" ಎಂದ. ಸಂತೋಷಕ್ಕೆ ಅಳುವವರು ಮೂಲಂಗಿ ಕೀಳಲು ಯಾಕೆ ಅಷ್ಟು ದೂರ ಬರುತ್ತಾರೋ.

ಈ ಡಬ್ಬದಲ್ಲಿ ಎಂಟು ತೊಚಿ ಮೋಚಿ ಇದೆ. ಈ ವರ್ಷದ ಮೊದಲನೆಯದು. ಸುಟ್ಟು ತಿನ್ನು, ಸಕ್ಕರೆ ಹಚ್ಚಬೇಡ, ಬರೀ ಮೋಚಿಯನ್ನೇ ತಿನ್ನು. ಒಂದಲ್ಲ, ಎರಡು ತಿನ್ನು. ಹೇಗಿದೆ ಎಂದು ತಕ್ಷಣ ಬರೆ. ಕಹಿ ಪೂರ್ತಿ ಹೋಗಿದೆಯೇ, ಗಂಟಲು ಹಿಡಿಯುತ್ತದೆಯೇ, ಸರಿಯಾಗಿ ಬರೆ.

ಶಿಗೆನೊ


ಮಶಿಕೆ
ಮಾರ್ಚ್ ೧೧, ೨೦೧೯

ಅಕ್ಕನಿಗೆ,

ಇಲ್ಲಿ ಕಡಲ ಗಾಳಿ ಇನ್ನೂ ಕಿವಿ ಕಚ್ಚುತ್ತದೆ. ನನ್ನ ಕಿವಿ ಕಚ್ಚಿ ಅದಕ್ಕೇನು ಸಿಗಬೇಕು? ಹೇಗೂ ಏನೂ ಕೇಳಿಸುವುದಿಲ್ಲ.

ನೀನು ಬಿದ್ದೆ ಎಂದು ತಿಳಿದು ಎರಡು ದಿನ ಅನ್ನ ಸೇರಲಿಲ್ಲ. ಎಂಬತ್ತಮೂರರ ವಯಸ್ಸಿಗೆ ಹಿಮಗಟ್ಟಿದ ಮೆಟ್ಟಿಲ ಮೇಲೆ ನಿನಗೇನು ಕೆಲಸ? ಸೊಸೆ ಇಲ್ಲವೇ?

ಡಬ್ಬ ಬಂತು. ಬಂದ ದಿನವೇ ಒಲೆಯ ಮೇಲೆ ಸುಟ್ಟೆ. ವಾಸನೆಗೇ ಅಮ್ಮ ನೆನಪಾದಳು. ಬಹಳ ರುಚಿಯಾಗಿದೆ ಅಕ್ಕ, ಥೇಟ್ ಅಮ್ಮನದೇ. ಕಹಿ ಒಂದಿಷ್ಟೂ ಇಲ್ಲ. ಮಗಳು, ಅಳಿಯ ಎಲ್ಲರೂ ತಿಂದರು.

ಕಡಲಪಾಚಿಯನ್ನೂ ಒಣಮೀನನ್ನೂ ಕಳಿಸಿದ್ದೇನೆ. ಪಾಚಿಯನ್ನು ನೀರಿನಲ್ಲಿ ನೆನೆಸಿದ ಮೇಲೆ ಕುದಿಸಬೇಡ ಎಂದು ಪ್ರತಿ ವರ್ಷ ಬರೆಯುತ್ತೇನೆ, ನೀನು ಪ್ರತಿ ವರ್ಷ ಕುದಿಸುತ್ತೀಯ.

ತೊಯೊ


ಕುರೊದಾನಿ
ಮೇ ೬, ೨೦೧೯

ತೊಯೊ,

ಚೆರ್ರಿ ಹೂ ಉದುರಿ ಹೋಯಿತು.

ನಿನ್ನ ಕಾಗದ ಓದಿ ಸಮಾಧಾನವಾಯಿತು. ಎರಡು ಸಲ ಓದಿ ಒಲೆಯ ಗೂಡಿನಲ್ಲಿ ಇಟ್ಟಿದ್ದೇನೆ.

ಮೊನ್ನೆ ಮೊದಲ ತಂಡ ಬಂದಿತ್ತು. ಟೋಕಿಯೊದ ಗಂಡ ಹೆಂಡತಿ, ತೈವಾನಿನ ಒಬ್ಬ ಹೆಂಗಸು, ಫ್ರಾನ್ಸಿನ ಒಬ್ಬ ಗಡ್ಡದವ. ಗಂಡ ಹೆಂಡತಿ ಮಂಡಿಯೂರಿ ಕುಳಿತು, ಕೈ ಜೋಡಿಸಿ, ಕೊಟ್ಟದ್ದನ್ನೆಲ್ಲ ತಿಂದು, "ಆಹಾ, ಬೆಟ್ಟದ ರುಚಿ" ಎಂದರು. ತೈವಾನಿನವಳು ನಿಧಾನಕ್ಕೆ ಅಗಿದು, ಟೀ ಕುಡಿದು, ಮತ್ತೆ ಅಗಿದು, ಅದೇನನ್ನೋ ಪುಸ್ತಕದಲ್ಲಿ ಬರೆದುಕೊಂಡಳು. ಆ ಗಡ್ಡದವ ಒಂದು ತುಂಡು ಕಚ್ಚಿ, ಮುಖ ಕಿವುಚಿ, ನನ್ನ ಎದುರಿಗೇ ಅದನ್ನು ಕೈಗೆ ಉಗುಳಿಕೊಂಡ! ನಾಲಿಗೆಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡ! ಏನೋ ಒಂದಷ್ಟು ಉದ್ದಕ್ಕೆ ಹೇಳಿದ.

"ಏನಂತೆ ಇವನಿಗೆ?" ಎಂದು ಅಸಾಕುರಾನನ್ನು ಕೇಳಿದೆ.

"ಹೊಟ್ಟೆ ತುಂಬಿದೆಯಂತೆ ಅಜ್ಜಿ. ತುಂಬಾ ಚೆನ್ನಾಗಿದೆಯಂತೆ."

"ಒಂದು ತುತ್ತಿಗೆ ತುಂಬೋ ಹೊಟ್ಟೆ ಯಾವ ದೇಶದ್ದೋ? ಅಷ್ಟುದ್ದ ಹೇಳಿದ್ದು ಇಷ್ಟೇನಾ?"

"ಅವರ ಭಾಷೆ ಸ್ವಲ್ಪ ಉದ್ದ ಅಜ್ಜಿ."

ಹೆತ್ತವರು ಮರ್ಯಾದೆ ಕಲಿಸಿಲ್ಲ, ಅಷ್ಟೇ. ಆ ದಿನವೆಲ್ಲ ನನಗೆ ಸಿಟ್ಟು ಇಳಿಯಲಿಲ್ಲ.

ಸೊಸೆ ಇಲ್ಲವೇ ಎಂದು ಕೇಳಿದ್ದೀಯ. ಇದ್ದಾಳೆ. ಮಿಹೊ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಹಾಸುತ್ತಾಳೆ, ಪ್ರವಾಸಿಗರಿಗೆ ಚಪ್ಪಲಿ ಜೋಡಿಸಿ ಇಡುತ್ತಾಳೆ. ತೊಚಿಯ ಕಹಿ ತೆಗೆಯುವ ಬೂದಿ ಮಡಕೆಯ ಹತ್ತಿರ ಮಾತ್ರ ನಾನು ಬಿಡುವುದಿಲ್ಲ. ಪೇಟೆಯಲ್ಲಿ ಪ್ಯಾಕೆಟ್ ಸಾರು ಕುಡಿದು ಬೆಳೆದವಳಿಗೆ ಯಾವುದು ಕಹಿ, ಯಾವುದು ಒಗರು ಎಂದು ಏನು ತಿಳಿಯಬೇಕು? ಮದುವೆಯಾದ ವರ್ಷ ಬೂದಿನೀರು ನೆಕ್ಕಿ ನೋಡು ಎಂದರೆ "ಸೋಪಿನ ಹಾಗಿದೆ ಅತ್ತೆ" ಎಂದಿದ್ದಳು. ಅವತ್ತೇ ಮಡಕೆಯ ಮುಚ್ಚಳ ನನ್ನ ಕಡೆ ಎಳೆದುಕೊಂಡೆ.

ಇನ್ನೊಂದು ಡಬ್ಬ ಕಳಿಸುತ್ತಿದ್ದೇನೆ, ಜೊತೆಗೆ ನಾನೇ ಸೋಯಾ ಕಾಳು ಹುದುಗಿಸಿ ಮಾಡಿದ ಒಂದಿಷ್ಟು ಮಿಸೊ. ಮೋಚಿ ಬೇರೆ ಮಡಕೆಯದು. ಈ ಸಲವೂ ಎರಡು ತಿನ್ನು. ಜೂನ್ ಏಳಕ್ಕೆ ಓಸಾಕಾದ ತಂಡ ಬರುತ್ತದೆ, ಇದೇ ಮಡಕೆಯ ಮೋಚಿ ಅವರಿಗೂ. ಅದಕ್ಕೆ ಮೊದಲು ನಿನ್ನ ಕಾಗದ ನನಗೆ ಸಿಗಬೇಕು. ಮರೆಯಬೇಡ.

ಶಿಗೆನೊ


ಮಶಿಕೆ
ಮೇ ೧೮, ೨೦೧೯

ಅಕ್ಕನಿಗೆ,

ಈ ವಾರ ಬಿಸಿಲು. ಮಗಳು ಮೀನು ಒಣಹಾಕಿದ್ದಾಳೆ, ಊರೆಲ್ಲ ನಾರುತ್ತಿದೆ.

ಮೋಚಿ ತಿಂದೆ. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಓಸಾಕಾದವರು ಪುಣ್ಯವಂತರು.

ಮಿಸೊ ಒಂದು ಚೂರು ಉಪ್ಪು ಅನಿಸಿತು. ನನ್ನ ಬಾಯಿಯೇ ಸರಿಯಿಲ್ಲವೇನೋ, ವಯಸ್ಸಾಯಿತಲ್ಲ.

ತಲೆ ಪೆಟ್ಟಿನ ಮೇಲೆ ಇನ್ನೊಮ್ಮೆ ಆಸ್ಪತ್ರೆಗೆ ಹೋಗಿದ್ದೆಯಾ? ಅದರ ವಿಷಯ ನೀನು ಏನೂ ಬರೆಯಲಿಲ್ಲ.

ತೊಯೊ


ಕುರೊದಾನಿ
ಜೂನ್ ೨೨, ೨೦೧೯

(ಪೋಸ್ಟ್ ಕಾರ್ಡ್)

ತೊಯೊ, ಮಳೆ. ಪ್ರವಾಸಿಗರು ಈಗ ಬರುತ್ತಿಲ್ಲ. ನಾನೇ ಬೇಡ ಎಂದೆ. ನಿನಗೆ ಮೋಚಿ ಕಳಿಸುವುದಿಲ್ಲ, ಕೇಳಬೇಡ. ಶಿಗೆನೊ.


ಮಶಿಕೆ
ಜುಲೈ ೧, ೨೦೧೯

ಅಕ್ಕನಿಗೆ,

ಕಾರ್ಡು ಓದಿ ಏನೂ ಅರ್ಥವಾಗಲಿಲ್ಲ. ನಿನ್ನ ಕೈಬರಹ ಗುಬ್ಬಿ ಓಡಾಡಿದ ಹಾಗಿರುತ್ತದೆ, ಅದು ಬಿಡು. ಆದರೆ ಮೂರು ಸಾಲು?

ನನಗನ್ನಿಸುವುದು ಇದು: ಮಿಹೊ ಜೊತೆ ಜಗಳವಾಗಿದೆ. ಪ್ರವಾಸಿಗರ ಕೆಲಸ ಸಾಕಾಗಿ ಅವಳು ಏನೋ ಅಂದಿದ್ದಾಳೆ, ನೀನು ನೂರು ಅಂದಿದ್ದೀಯ. ಹೌದಲ್ಲ? ಒಳ್ಳೆಯದೇ ಆಯಿತು ಬಿಡು. ಹಾಲೆಂಡಿನವರು, ಫ್ರಾನ್ಸಿನವರು, ಆ ಗದ್ದಲವೆಲ್ಲ ಈ ವಯಸ್ಸಿನಲ್ಲಿ ಯಾಕೆ? ಕಾಲು ಚಾಚಿ ಕುಳಿತುಕೋ. ನನಗೊಬ್ಬಳಿಗೆ ವರ್ಷಕ್ಕೊಮ್ಮೆ ಮೋಚಿ ಮಾಡಿದರೆ ಸಾಕು.

ಕಳಿಸುವುದಿಲ್ಲ ಎಂದು ಯಾಕೆ ಬರೆದೆ? ನಾನೇನು ಮಾಡಿದೆ?

ತೊಯೊ


ಕುರೊದಾನಿ
ಆಗಸ್ಟ್ ೧೯, ೨೦೧೯

ತೊಯೊ,

ತೀರಿಕೊಂಡ ಹಿರಿಯರನ್ನು ನೆನೆಯುವ ದಿನಗಳು ಮುಗಿದವು. ಅಮ್ಮನ ಸಮಾಧಿ ತೊಳೆದು, ಊದುಬತ್ತಿ ಹಚ್ಚಿ ಬಂದೆ. ಅಲ್ಲಿ ಕುಳಿತಾಗಲೇ ನಿನಗೆ ಬರೆಯಬೇಕು ಅಂದುಕೊಂಡೆ. ಇದು ಬೈಗುಳದ ಕಾಗದ. ಕೂತು ಓದು.

ನೀನು ಏನು ಮಾಡಿದೆ ಎಂದು ಕೇಳಿದ್ದೀಯ. ಹೇಳುತ್ತೇನೆ.

ಜೂನ್ ಏಳಕ್ಕೆ ಓಸಾಕಾದಿಂದ ತಾಯಿ ಮಗಳು ಬಂದರು. ತಾಯಿಗೆ ಎಪ್ಪತ್ತೆಂಟು. ಅವಳ ಅಜ್ಜಿಯ ಊರೂ ನಮ್ಮಂಥದೇ ಬೆಟ್ಟದ ಊರಂತೆ, ತೊಚಿ ಮೋಚಿ ತಿಂದು ಅರವತ್ತು ವರ್ಷವಾಯಿತಂತೆ. ಅದಕ್ಕೆಂದೇ ಮಗಳು ಕರೆದುಕೊಂಡು ಬಂದಿದ್ದಳು. ನಾನು ಸುಟ್ಟು ಕೊಟ್ಟೆ. ತಾಯಿ ಮೂರು ತಿಂದಳು. ಮಗಳು ಎರಡು. ಒಂದು ಮಾತಿಲ್ಲ, ಒಂದು ಮುಖ ಕಿವುಚಿದ್ದಿಲ್ಲ. "ಅಜ್ಜಿಯ ಕೈರುಚಿ" ಎಂದು ತಾಯಿ ಕಣ್ಣೊರೆಸಿಕೊಂಡಳು. ಬಾಗಿ ಬಾಗಿ ನಮಸ್ಕರಿಸಿ ಹೋದರು. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಇಬ್ಬರೂ ವಾಂತಿ. ತಾಯಿಗೆ ಗಂಟಲು ಊದಿ ನೀರು ಇಳಿಯದೆ ಪೇಟೆಯ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದ್ದಳು. ಬದುಕಿದಳು. ಮರುದಿನ ಚೆನ್ನಾಗಿಯೇ ಮನೆಗೆ ಹೋದಳು.

ಆಮೇಲೆ ಏನು ಬಂತು ಗೊತ್ತೇ? ಅವರಿಂದ ಧನ್ಯವಾದದ ಕಾಗದ! "ಎಲ್ಲವೂ ಬಹಳ ರುಚಿಯಾಗಿತ್ತು. ನಮ್ಮ ಹೊಟ್ಟೆಯೇ ಸರಿಯಿರಲಿಲ್ಲ. ತಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ." ಜೊತೆಗೆ ಒಂದು ಪೊಟ್ಟಣ ಸಿಹಿತಿಂಡಿ. ನನ್ನ ಕೈಯಿಂದ ವಿಷ ತಿಂದವರು ನನ್ನ ಕ್ಷಮೆ ಕೇಳಿದ್ದಾರೆ. ಆ ಪೊಟ್ಟಣ ಇನ್ನೂ ಬಿಚ್ಚಿಲ್ಲ.

ಅಸಾಕುರಾನನ್ನು ಕೂರಿಸಿ ಕೇಳಿದೆ. "ಆ ಗಡ್ಡದವ ಮೇ ತಿಂಗಳಲ್ಲಿ ಏನು ಹೇಳಿದ? ಸುಳ್ಳು ಹೇಳಿದರೆ ಈ ಸೌಟು ನಿನ್ನ ತಲೆ ಮೇಲೆ."

ಅವನು ನೆಲ ನೋಡಿದ. "ಇದು ವಿಪರೀತ ಕಹಿ ಇದೆ, ನಾಲಿಗೆ ಉರೀತಿದೆ, ಯಾರಿಗೂ ಕೊಡಬೇಡಿ ಅಂದರು ಅಜ್ಜಿ. ನಿಮಗೆ ಬೇಜಾರಾಗುತ್ತೆ ಅಂತ..."

ತೊಯೊ, ನಾನು ನಿನಗೆ ಹೇಳದೆ ಇದ್ದದ್ದು ಒಂದಿದೆ. ಫೆಬ್ರವರಿಯಲ್ಲಿ ಬಿದ್ದ ಮೇಲೆ ನನಗೆ ರುಚಿ ತಿಳಿಯುವುದಿಲ್ಲ. ಉಪ್ಪು ತಿಳಿಯುವುದಿಲ್ಲ, ಸಿಹಿ ತಿಳಿಯುವುದಿಲ್ಲ. ಅನ್ನ ತಿಂದರೆ ಬೆಚ್ಚಗಿನ ಕಾಗದ ತಿಂದ ಹಾಗೆ. ವಾಸನೆಯೂ ಇಲ್ಲ. ಆಮೇಲೆ ಹೋಗಿ ಕೇಳಿದಾಗ, ಯಾವುದೋ ಸಣ್ಣ ನರ ಕಡಿದಿರಬೇಕು, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದ ಡಾಕ್ಟರ್. ನಾನು ಯಾರಿಗೂ ಹೇಳಲಿಲ್ಲ. ಹಿದೆಕಿಗೂ ಇಲ್ಲ.

ತೊಚಿಯ ಕೆಲಸ ನಿನಗೆ ಗೊತ್ತು. ವಾರಗಟ್ಟಲೆ ನೆನೆಸು, ಸುಲಿ, ಹೊಳೆಯ ನೀರಿನಲ್ಲಿಡು, ಬೂದಿಯಲ್ಲಿ ಹೂಳು. ಎಲ್ಲವನ್ನೂ ಕೈ ಮಾಡುತ್ತದೆ. ಕೊನೆಯದೊಂದು ಮಾತ್ರ ಬಾಯಿ ಮಾಡಬೇಕು. ಬೂದಿನೀರು ನೆಕ್ಕಬೇಕು, ಕಾಯಿ ಕಚ್ಚಬೇಕು, ಕಹಿ ಹೋಯಿತೋ ಇಲ್ಲವೋ ಹೇಳಬೇಕು. ನನ್ನ ಬಾಯಿ ಸತ್ತಿತ್ತು. ನಿನ್ನದು ಬದುಕಿದೆ ಎಂದುಕೊಂಡು ಡಬ್ಬ ಕಳಿಸಿದೆ. ನೀನು "ಥೇಟ್ ಅಮ್ಮನದೇ" ಎಂದು ಬರೆದೆ. ನಾನು ನಂಬಿದೆ.

ಈಗ ಹೇಳು. ತಿಂದೆಯೋ, ತಿನ್ನಲಿಲ್ಲವೋ?

ಶಿಗೆನೊ


ಮಶಿಕೆ
ಆಗಸ್ಟ್ ೨೭, ೨೦೧೯

ಅಕ್ಕ,

ತಿಂದೆ.

ಮಾರ್ಚಿನದು ಕಹಿ ಇತ್ತು. ಒಂದು ತಿಂದೆ, ಎರಡನೆಯದು ಆಗಲಿಲ್ಲ. ಮಗಳೂ ಅಳಿಯನೂ ತಿಂದರೆಂದು ಬರೆದದ್ದು ಸುಳ್ಳು, ಅವರಿಗೆ ನಾನು ಕೊಡಲೇ ಇಲ್ಲ. ಮೇ ತಿಂಗಳದ್ದು ಕಹಿಯೂ ಅಲ್ಲ, ಬೆಂಕಿ. ಒಂದು ಚೂರು ಅಗಿದು ಉಗುಳಿದೆ. ಉಳಿದದ್ದನ್ನು ಬಂದರಿನ ಕಟ್ಟೆಯ ಮೇಲೆ ಕಡಲಹಕ್ಕಿಗೆ ಹಾಕಿದೆ. ಕೊಳೆತ ಮೀನು ನುಂಗುವ ಹಕ್ಕಿ ಅದು. ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ನನ್ನ ಮುಖ ನೋಡಿತು.

ಮಿಸೊ ಉಪ್ಪು ಎಂದು ಬರೆದೆನಲ್ಲ, ಅದನ್ನು ಬರೆಯಲು ನನಗೆ ಅರ್ಧ ದಿನ ಬೇಕಾಯಿತು. ಅದನ್ನೇ ನೀನು ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡೆ.

ಯಾಕೆ ಸುಳ್ಳು ಬರೆದೆ ಎಂದರೆ, ನಾನು ಹತ್ತೊಂಬತ್ತಕ್ಕೆ ಮದುವೆಯಾಗಿ ಹಡಗು ಹತ್ತಿ ಈ ಕಡಲ ತೀರಕ್ಕೆ ಬಂದೆ. ಇಲ್ಲಿ ತೊಚಿ ಮೋಚಿ ಎಂದರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಚಳಿಗಾಲ ಅಮ್ಮ ಎಂಟು ಕಳಿಸಿದಳು. ಅತ್ತೆಗೆ ಕಾಣದ ಹಾಗೆ ಬಲೆಗಳ ಕೊಟ್ಟಿಗೆಯಲ್ಲಿ ಕುಳಿತು ಎಂಟನ್ನೂ ತಿಂದೆ. ಅಮ್ಮ ಹೋದ ಮೇಲೆ ನೀನು ಕಳಿಸುತ್ತಿದ್ದೀಯ. ಕುರೊದಾನಿಯಿಂದ ನನಗೆ ಬರುವುದು ಅದೊಂದೇ. ಕಹಿ ಎಂದು ಬರೆದರೆ ನಿನ್ನ ಮೂಗಿನ ತುದಿಗೆ ಕೋಪ ಬಂದು, "ಹಾಗಾದರೆ ತಿನ್ನಬೇಡ" ಎಂದು ಕಳಿಸುವುದನ್ನೇ ನಿಲ್ಲಿಸುತ್ತೀಯ. ನನಗೆ ನಿನ್ನ ಗುಣ ಗೊತ್ತು. ಅದಕ್ಕೆ ಹೆದರಿದೆ.

ರುಚಿ ಹೋಗಿದೆ ಎಂದು ಮಾರ್ಚಿನಲ್ಲಿ ನೀನು ಒಂದು ಸಾಲು ಬರೆದಿದ್ದರೆ ನಾನೂ ಒಂದು ಸಾಲು ನಿಜ ಬರೆಯುತ್ತಿದ್ದೆ. ನನ್ನ ತಪ್ಪು ದೊಡ್ಡದು. ಆದರೆ ನಿನ್ನದನ್ನು ಪೂರ್ತಿ ನನ್ನ ತಲೆಗೆ ಕಟ್ಟಬೇಡ.

ಮೂರು ದಿನದ ಅಂಚೆಯಲ್ಲಿ ರುಚಿ ನೋಡಿಸುವ ಹುಚ್ಚು ಯಾರಿಗಾದರೂ ಇರುತ್ತದೆಯೇ? ಮನೆಯಲ್ಲೇ ಒಂದು ಬಾಯಿ ಇದೆ. ಮಿಹೊಳನ್ನು ಕೇಳು.

ತೊಯೊ


ಕುರೊದಾನಿ
ಸೆಪ್ಟೆಂಬರ್ ೯, ೨೦೧೯

ತೊಯೊ,

ಗದ್ದೆಯ ಬದುವಿನಲ್ಲಿ ಕೆಂಪು ಹೂ ಮೊಗ್ಗು ಬಂದಿದೆ.

ನಿನ್ನ ಕಾಗದ ಓದಿ ಎರಡು ದಿನ ಬೈದೆ, ಮೂರನೆಯ ದಿನ ಬೈಗುಳ ಮುಗಿಯಿತು. ಕಡಲಹಕ್ಕಿಯ ಮಾತು ನೆನೆದು ಒಮ್ಮೆ ನಗು ಬಂತು, ಅದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ.

ಮಿಹೊಳನ್ನು ಕೇಳುವುದಿಲ್ಲ. ಸೋಪು ಎಂದವಳನ್ನು ಕೇಳಿ ಏನಾಗಬೇಕು?

ನಿನ್ನೆ ಅಸಾಕುರಾ ಬಂದಿದ್ದ. ಮುಂದಿನ ವರ್ಷ ಪ್ರವಾಸಿಗರು ಹೋಗುವ ಮನೆಗಳ ಪಟ್ಟಿ ಅಚ್ಚಾಗುತ್ತಿದೆಯಂತೆ, ಅಕ್ಟೋಬರ್ ಕೊನೆಯೊಳಗೆ ಹೇಳಬೇಕಂತೆ. ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಆರು ಜನ ಆಗಲೇ ಹೆಸರು ಕೊಟ್ಟಿದ್ದಾರಂತೆ, ಮೋಚಿ ಕುಟ್ಟಲೆಂದೇ.

"ಇನ್ನು ಮೋಚಿ ಇಲ್ಲ" ಎಂದೆ.

"ಪರವಾಗಿಲ್ಲ ಅಜ್ಜಿ. ಪೇಟೆ ಅಂಗಡಿಯಿಂದ ಪ್ಯಾಕೆಟ್ ಮೋಚಿ ತರ್ತೀನಿ. ನೀವು ಒಲೆ ಮುಂದೆ ಕೂತು ಸುಟ್ಟು ಕೊಟ್ಟರೆ ಸಾಕು. ಫೋಟೋದಲ್ಲಿ ಗೊತ್ತಾಗಲ್ಲ."

ಫೋಟೋದಲ್ಲಿ ಗೊತ್ತಾಗುವುದಿಲ್ಲ! ಆ ಪ್ಯಾಕೆಟ್ಟಿನದು ನೀನು ನೋಡಿಲ್ಲ. ಕಂದು ಬಣ್ಣ ಹಾಕಿದ ಅಕ್ಕಿಹಿಟ್ಟು. ಒಂದು ಕಾಲಕ್ಕೆ ಈ ಊರಿನ ಹನ್ನೊಂದು ಮನೆಯಲ್ಲೂ ಬೂದಿ ಮಡಕೆ ಇತ್ತು. ಹತ್ತು ಮನೆಯಲ್ಲಿ ಈಗ ಅದರಲ್ಲಿ ಹೂವಿನ ಗಿಡ ನೆಟ್ಟಿದ್ದಾರೆ. ಉಳಿದದ್ದು ನನ್ನದು. ಅದನ್ನೂ ಬಿಟ್ಟು ನಾನು ಅಂಗಡಿಯ ಹಿಟ್ಟನ್ನು ನಗುತ್ತಾ ಸುಡಬೇಕು, ಇಲ್ಲವೇ ಕೊನೆಯ ಮಡಕೆಗೆ ಮಣ್ಣು ತುಂಬಬೇಕು. ಎರಡೇ ದಾರಿ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಸುಮ್ಮನೆ ಬರೆದೆ.

ಶಿಗೆನೊ


ಮಶಿಕೆ
ಸೆಪ್ಟೆಂಬರ್ ೧೭, ೨೦೧೯

(ಪೋಸ್ಟ್ ಕಾರ್ಡ್)

ಅಕ್ಕ, ಮಿಹೊಗೆ ರುಚಿ ಗೊತ್ತಿಲ್ಲ ಎಂದು ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೀಯ. ಈಗ ಗೊತ್ತಿಲ್ಲದಿರುವುದು ಯಾರಿಗೆ? ಬೂದಿನೀರು ಸೋಪಿನ ಹಾಗೇ ಇರುತ್ತದೆ. ಬಟ್ಟೆಯನ್ನೂ ಅದರಲ್ಲೇ ಒಗೆಯುತ್ತಿದ್ದೆವು, ಮರೆತೆಯಾ? ಅವಳು ಸರಿಯಾಗಿಯೇ ಹೇಳಿದ್ದಳು. ಋತುವಿನ ಮಾತಿಗೆ ಜಾಗವಿಲ್ಲ. ತೊಯೊ.


ಕುರೊದಾನಿ
ಅಕ್ಟೋಬರ್ ೨೭, ೨೦೧೯

ತೊಯೊ,

ಬೆಟ್ಟದ ಮೇಲ್ಭಾಗ ಕೆಂಪಾಗಿದೆ. ಕೆಳಗೆ ಇನ್ನೂ ಹಸಿರು.

ನಿನ್ನ ಕಾರ್ಡಿಗೆ ಐದು ವಾರ ಉತ್ತರ ಬರೆಯಲಿಲ್ಲ. ಕೈ ಬಿಡುವಿರಲಿಲ್ಲ, ಅದೊಂದು. ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದೆ, ಅದು ಇನ್ನೊಂದು.

ಸೆಪ್ಟೆಂಬರ್ ಕೊನೆಗೆ ಒಂದು ಬೆಳಗ್ಗೆ ಮಿಹೊ ಜಗಲಿಯಲ್ಲಿ ಕುಳಿತು ಕಾಳು ಬಿಡಿಸುತ್ತಿದ್ದಳು. ನಾನೂ ಹೋಗಿ ಎದುರು ಕುಳಿತೆ. ಒಂದಿಷ್ಟು ಹೊತ್ತು ನಾನೂ ಬಿಡಿಸಿದೆ. ಆಮೇಲೆ ಹೇಳಿದೆ.

"ಮಿಹೊ, ನನಗೆ ರುಚಿ ತಿಳಿಯಲ್ಲ."

"ಗೊತ್ತು ಅತ್ತೆ."

"ಗೊತ್ತಾ? ಯಾವಾಗಿನಿಂದ?"

"ಫೆಬ್ರವರಿಯಿಂದ. ನೀವು ಆಸ್ಪತ್ರೆಯಿಂದ ಬಂದ ಮಾರನೇ ದಿನ ಮಿಸೊ ಸಾರು ಸಮುದ್ರದ ನೀರಾಗಿತ್ತು. ನೀವು ಆ ಕಡೆ ತಿರುಗಿದಾಗ ಬಿಸಿನೀರು ಸುರಿದೆ. ಅವತ್ತಿನಿಂದ ದಿನಾ ಸುರೀತಿದ್ದೀನಿ."

ತೊಯೊ, ಎಂಟು ತಿಂಗಳು! ಪ್ರವಾಸಿಗರು ನನ್ನ ಸಾರು ಹೊಗಳಿದ್ದು, ಹಿದೆಕಿ ಎರಡು ಬಟ್ಟಲು ಕುಡಿದದ್ದು, ಎಲ್ಲ ಇವಳು ನನ್ನ ಬೆನ್ನ ಹಿಂದೆ ಸರಿಮಾಡಿದ ಸಾರು.

"ನನ್ನ ಹತ್ತಿರ ಹೇಳೋದಕ್ಕೇನಾಗಿತ್ತು ನಿನಗೆ?"

"ನಿಮ್ಮ ಹತ್ತಿರಾನಾ?" ಎಂದಳು. ಅಷ್ಟೇ. ಕಾಳು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತು ತೆಗೆದಳು. "ಅತ್ತೆ, ಬೂದಿ ಡಬ್ಬಾನೂ ನೋಡಿ. ಹೋದ ಚಳಿಗಾಲದಿಂದ ಇವರು ಮಿಲ್ಲಿನ ದೇವದಾರು ಚೂರುಗಳನ್ನೇ ಒಲೆಗೆ ಹಾಕ್ತಾರೆ. ಆ ಬೂದಿಯೆಲ್ಲ ನಿಮ್ಮ ಓಕ್ ಮರದ ಬೂದಿ ಡಬ್ಬಕ್ಕೇ ಬಿದ್ದಿದೆ. ಬಣ್ಣ ತಿಳಿಯಾಗಿದೆ. ಅದರಲ್ಲಿ ಶಕ್ತಿ ಇಲ್ಲ."

ಹೋಗಿ ನೋಡಿದೆ. ನಿಜ. ನಾನು ಅರವತ್ತು ವರ್ಷದಿಂದ ನೋಡುತ್ತಿದ್ದ ಬೂದಿ. ಈ ಸಲ ಕಣ್ಣು ಹಾಯಿಸಲೇ ಇಲ್ಲ, ನೆಕ್ಕಿದರೆ ತಿಳಿಯುತ್ತದಲ್ಲ ಎಂಬ ಹಳೆಯ ಅಭ್ಯಾಸ. ಅವತ್ತೇ ಅದನ್ನೆಲ್ಲ ಹೊಲಕ್ಕೆ ಸುರಿಸಿದೆ. ಹಿದೆಕಿಗೆ ಓಕ್ ಮರ ತರಲು ಹೇಳಿದೆ. "ಮಿಲ್ಲಿನದು ಸುಮ್ಮನೆ ಸಿಗುತ್ತಲ್ಲ ಅಮ್ಮ" ಎಂದ. "ನೀನೂ ಸುಮ್ಮನೇ ಸಿಕ್ಕವನು, ಬಾಯಿ ಮುಚ್ಚು" ಎಂದೆ.

ಆ ಆರು ಜನ ಬರಲಿ ಎಂದು ಅಸಾಕುರಾನಿಗೆ ಹೇಳಿ, ಹೋದ ವರ್ಷದ ಕಾಯಿ ನೆನೆಹಾಕಿದೆವು. ಸುಲಿದದ್ದು ಅವಳು, ಹೊಳೆಗೆ ಹೊತ್ತದ್ದು ಅವಳು, ಬೂದಿ ಕಲಸಿದ್ದು ನಾನು. ಎರಡು ದಿನ ಬಿಟ್ಟು ತೊಳೆದು ಒಂದು ಕಾಯಿ ಅವಳ ಕೈಗೆ ಕೊಟ್ಟೆ.

"ತಿನ್ನು. ಹೇಗಿದೆ?"

"ಚೆನ್ನಾಗಿದೆ ಅತ್ತೆ."

ನಾನು ಅವಳ ಗಂಟಲು ನೋಡುತ್ತಿದ್ದೆ. "ನುಂಗು" ಎಂದೆ. ನುಂಗಿದಳು, ಕಣ್ಣಲ್ಲಿ ನೀರು ಬಂತು. "ಈಗ?" ಎಂದೆ. "ಚೆನ್ನಾಗಿಯೇ ಇದೆ" ಎಂದಳು ಆ ಕತ್ತೆ. ನೀನು, ಓಸಾಕಾದ ತಾಯಿ, ಅಸಾಕುರಾ, ಇವಳು, ಎಲ್ಲರೂ ಒಂದೇ ಗಾಣದ ಎಣ್ಣೆ!

"ನೋಡು ಮಿಹೊ" ಎಂದೆ. "ಇಂಥ ಮರ್ಯಾದೆಯಿಂದಲೇ ಒಬ್ಬ ಮುದುಕಿ ಆಸ್ಪತ್ರೆಯಲ್ಲಿ ಮಲಗಿದ್ದಳು. ನನಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ನನಗೆ ಬೇಜಾರಾಗಲಿ. ನಾನೇನು ಬೆಣ್ಣೆಯಾ ಕರಗಿ ಹೋಗೋಕೆ? ಇಪ್ಪತ್ತಾರು ವರ್ಷ ನಾನು ನಿನಗೆ ಅಂದದ್ದರಲ್ಲಿ ಒಂದು ಪಾಲು ನನಗೆ ವಾಪಸ್ ಅನ್ನು."

ಅವಳು ಇನ್ನೊಂದು ಕಾಯಿ ತೆಗೆದು ಕಚ್ಚಿದಳು. ಅಗಿದದ್ದನ್ನು ಅಂಗೈಗೆ ಉಗುಳಿ, "ಕಹಿ" ಎಂದಳು. ದನಿ ಹೊರಗೆ ಬಂದದ್ದೇ ಕಡಿಮೆ.

ಮತ್ತೆ ಬೂದಿ, ಮತ್ತೆ ಹೊಳೆ. ದಿನಕ್ಕೊಂದು ಕಾಯಿ ಅವಳ ಬಾಯಿಗೆ. "ಕಹಿ." "ಇನ್ನೂ ಕಹಿ." "ನಿನ್ನೆಗಿಂತ ಪರವಾಗಿಲ್ಲ, ಆದರೂ ಗಂಟಲು ಕೆರೆಯುತ್ತೆ." ದನಿ ದಿನ ದಿನ ಗಟ್ಟಿಯಾಯಿತು. ಒಂದು ದಿನ ನಾನು ಕೇಳುವ ಮೊದಲೇ ಹೇಳಿದಳು.

ಇಪ್ಪತ್ತನಾಲ್ಕನೆಯ ತಾರೀಖು ಬಂತು. ಆರು ಜನ, ಜರ್ಮನಿಯವರು ನಾಲ್ವರು, ಕೋಬೆಯವರು ಇಬ್ಬರು. ಹನ್ನೊಂದು ಗಂಟೆಗೆ ಅಂಗಳದಲ್ಲಿ ಸಾಲಾಗಿ ನಿಂತರು. ಒರಳು ತೊಳೆದಿಟ್ಟಿತ್ತು. ಒನಕೆ ಹಿಡಿಯಲು ಒಬ್ಬ ದಪ್ಪ ಗಂಡಸು ಆಗಲೇ ತೋಳು ಮಡಿಸಿದ್ದ. ಅಕ್ಕಿ ಹಬೆಯ ಮೇಲಿತ್ತು. ಕಾಯಿ ತೊಳೆದು ಬುಟ್ಟಿಯಲ್ಲಿತ್ತು, ಅಕ್ಕಿಗೆ ಸೇರಿಸುವುದೊಂದೇ ಬಾಕಿ. ಮಿಹೊ ಒಂದು ಕಚ್ಚಿದಳು. ಅಗಿದಳು.

"ಬೇಡ ಅತ್ತೆ. ಇನ್ನೂ ಗಂಟಲು ಹಿಡಿಯುತ್ತೆ."

"ಜಾಸ್ತಿಯಾ, ಸ್ವಲ್ಪವಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಅಕ್ಕಿ ಸೇರಿದ ಮೇಲೆ ಹೋಗುತ್ತೆ."

"ಹೋಗಲ್ಲ."

ನಾನು ನಿಜ ಬರೆಯುತ್ತೇನೆ ತೊಯೊ, ನಾನು ಬುಟ್ಟಿಗೆ ಕೈ ಹಾಕಿದೆ. ಅಂಗಳದಲ್ಲಿ ಆರು ಜನ ನಗುತ್ತಾ ನಿಂತಿದ್ದರು. ಅಸಾಕುರಾ ಬೇರೆ ಹತ್ತಿರ ಬಂದು, "ಅಜ್ಜಿ, ಇವರು ಇದಕ್ಕಂತಲೇ ಬಂದಿದ್ದಾರೆ, ಒಂದೊಂದು ಚೂರಾದರೂ..." ಎಂದು ಕಿವಿಯಲ್ಲಿ ಹೇಳಿದ.

ಮಿಹೊ ಬುಟ್ಟಿಯನ್ನು ನನ್ನ ಕೈಯಿಂದ ಎಳೆದಳು.

"ಬೇಡ ಅಂದೆನಲ್ಲ ಅತ್ತೆ! ಎಷ್ಟು ಸಲ ಹೇಳಬೇಕು ನಿಮಗೆ? ಇವತ್ತು ಇದನ್ನ ಯಾರೂ ತಿನ್ನಕೂಡದು!"

ಹಿದೆಕಿ ಕೊಟ್ಟಿಗೆಯಿಂದ ಹೊರಗೆ ಬಂದು ನೋಡಿದ. ಮಿಹೊಳ ಕಿವಿ ಕೆಂಪಾಗಿತ್ತು. ಆದರೆ ಬುಟ್ಟಿ ಬಿಡಲಿಲ್ಲ.

"ಅಸಾಕುರಾ" ಎಂದೆ. "ಇವಳು ಹೇಳಿದ್ದನ್ನ ಇದ್ದ ಹಾಗೇ ಅವರಿಗೆ ಹೇಳು. ಹೊಟ್ಟೆ ತುಂಬಿದೆ, ಗಿಂಬಿದೆ ಅಂತ ಸೇರಿಸಿದರೆ ಒನಕೆ ನಿನ್ನ ಮೇಲೆ ಬೀಳುತ್ತೆ."

ಹೇಳಿದ. ಎಷ್ಟು ಹೇಳಿದನೋ ಗೊತ್ತಿಲ್ಲ, ಆದರೆ ಈ ಸಲ ಉದ್ದಕ್ಕೇ ಹೇಳಿದ. ಜರ್ಮನಿಯ ಹೆಂಗಸು ತಲೆಯಾಡಿಸಿ ಬುಟ್ಟಿಯ ಹತ್ತಿರ ಬಂದು, ಒಂದು ಕಾಯಿ ಮುಟ್ಟಿ ನೋಡಿ, ಎಷ್ಟು ದಿನವಾಯಿತು ಎಂದು ಅಸಾಕುರಾನಿಂದ ಕೇಳಿಸಿದಳು. ಇಪ್ಪತ್ತಮೂರು ದಿನ ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಮಲಗಿದ ಮಗುವಿನ ಹತ್ತಿರದಿಂದ ತೆಗೆದ ಹಾಗೆ.

ಹಬೆಯಲ್ಲಿದ್ದ ಅಕ್ಕಿಯನ್ನು ಕಾಯಿ ಸೇರಿಸದೆಯೇ ಕುಟ್ಟಿಸಿದೆವು. ಕೋಲಿಗೆ ಮೆತ್ತಿ, ವಾಲ್ನಟ್ಟು ಅರೆದ ಮಿಸೊ ಹಚ್ಚಿ, ಕೆಂಡದ ಮೇಲೆ ಸುಟ್ಟು ಕೊಟ್ಟೆವು. ಮಿಸೊ ಕಲಸಿದ್ದು ಮಿಹೊ. ಕೋಬೆಯವನೊಬ್ಬ ಒಂದು ತಿಂದು ಏನೂ ಮಾತಾಡದೆ ಇನ್ನೊಂದಕ್ಕೆ ಕೈ ಚಾಚಿದ. ದಪ್ಪ ಗಂಡಸು ಐದು ತಿಂದ. ಯಾರೂ ಅಳಲಿಲ್ಲ, ಅದೊಂದು ಸಮಾಧಾನ.

ಹೊರಡುವಾಗ ಅಸಾಕುರಾ ಪುಸ್ತಕ ತೆಗೆದು, "ಅಜ್ಜಿ, ಹಾಗಾದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಈ ಮನೆಗೆ ಏನಂತ ಬರೆಯಲಿ?" ಎಂದ.

"ನನ್ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು."

ಮಿಹೊ ಕೈ ಒರೆಸಿಕೊಂಡಳು. "ತೊಚಿ ಮೋಚಿ ಅಂತಲೇ ಬರೀರಿ. ಆದರೆ ದಿನ ಗೊತ್ತುಮಾಡಿ ಮಾತು ಕೊಡಬೇಡಿ. ಕಹಿ ಹೋಗಿದ್ದರೆ ಕೊಡ್ತೀವಿ, ಹೋಗದಿದ್ದರೆ ಇಲ್ಲ. ಇಲ್ಲದ ದಿನ ಇರೋದನ್ನ ತಿನ್ನಲಿ."

ಅವನು ಬರೆದುಕೊಂಡ.

ಅವರೆಲ್ಲ ಹೋದ ಮೇಲೆ ನಾನು ಬುಟ್ಟಿ ಎತ್ತಿಕೊಂಡು ಹೋಗಿ ಕಾಯಿಗಳನ್ನು ಮತ್ತೆ ಮಡಕೆಗೆ ಸುರಿದೆ, ಹೊಸ ಬೂದಿ ಹಾಕಿದೆ, ಬಿಸಿನೀರು ಹೊಯ್ದೆ. ಮಿಹೊ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮುಚ್ಚಳ ಓರೆಯಾಗಿದೆ ಅತ್ತೆ" ಎಂದಳು.

ಸರಿಮಾಡಿದೆ.

ಶಿಗೆನೊ